ಕಾರ್ಡಿನ ಬೆನ್ನ ಮೇಲೆ ನನ್ನ ಹೆಸರು

ಆಡು ಮುಟ್ಟದ ಸೊಪ್ಪಿಲ್ಲ, ನಮ್ಮ ಮಾವ ಹೆಸರು ಕೆತ್ತದ ವಸ್ತುವಿಲ್ಲ. ನಾನು ಸೊಸೆಯಾಗಿ ಬಂದ ಮರುದಿನ ಹಾಲು ಕಾಯಿಸಲು ಪಾತ್ರೆ ತೆಗೆದುಕೊಂಡರೆ ಅದರ ಅಂಚಿನ ಮೇಲೆ ಅತ್ತೆಯ ಹೆಸರು. ಸೌಟು ಎತ್ತಿದರೆ ಹಿಡಿಯ ಮೇಲೆ ಅತ್ತೆಯ ಹೆಸರು. ಹೊಲಿಗೆ ಯಂತ್ರ, ಕತ್ತರಿ, ಅಡುಗೆಮನೆಯ ಚಾಕು, ಕೊನೆಗೆ ಬಚ್ಚಲಿನ ನಲ್ಲಿಯ ಮೇಲೂ ಅವರೇ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಾನು ಕಣ್ಣಲ್ಲೂ ಕಾಣದ ಅತ್ತೆ ದಿನಕ್ಕೆ ನೂರು ಸಲ ನನಗೆ ಎದುರಾಗುತ್ತಿದ್ದರು.

"ನಲ್ಲೀನ ಯಾರು ಕದೀತಾರೆ ಮಾವ?" ಅಂತ ಒಂದು ದಿನ ಕೇಳಿಯೇಬಿಟ್ಟೆ.

"ಕದ್ದಿದ್ದಾರೆ ಕಣಮ್ಮ. ಇದು ಎರಡನೇದು," ಅಂದರು.

ಮಾವನಿಗೆ ಬಸ್ ನಿಲ್ದಾಣದ ಪಕ್ಕ ಒಂದು ಪೆಟ್ಟಿಗೆ ಅಂಗಡಿಯಿತ್ತು. ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಶಾಲೆಯ ಬಹುಮಾನದ ಕಪ್ಪುಗಳು, ಕೈಗಡಿಯಾರದ ಬೆನ್ನು, ಮೆಕ್ಯಾನಿಕ್ಕುಗಳ ಸ್ಪ್ಯಾನರು, ಆಸ್ಪತ್ರೆಯ ಕತ್ತರಿ, ಮಕ್ಕಳ ಊಟದ ಡಬ್ಬಿ, ಯಾವುದೇ ಲೋಹದ ಮೇಲಾದರೂ ಹೆಸರು ಬೇಕೆಂದರೆ ಜನ ಅವರ ಹತ್ತಿರವೇ ಬರುತ್ತಿದ್ದರು. ಮೊದಲು ಉಳಿ, ಸುತ್ತಿಗೆ. ಆಮೇಲೆ ದಪ್ಪ ಪೆನ್ನಿನಂಥ ಒಂದು ಕರೆಂಟಿನ ಮಷೀನು ಬಂತು. ಗುಂಡಿ ಒತ್ತಿದರೆ ಜೇನುಹುಳದ ಹಾಗೆ ಗುಂಯ್‌ಗುಡುತ್ತಾ ಅದರ ಮೊನೆ ನಡುಗುತ್ತದೆ. ಅದನ್ನು ಮಾವ ಮಗುವಿನ ಕೈ ಹಿಡಿದಷ್ಟು ಮೆತ್ತಗೆ ಹಿಡಿಯುತ್ತಿದ್ದರು. ಊರಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದು 'ಹೆಸರು ತಾತ' ಅಂತ. ತಮಾಷೆ ನೋಡಿ, ಊರಿಗೆಲ್ಲ ಹೆಸರು ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಒಮ್ಮೆ ಹೊಸ ಪೋಸ್ಟ್‌ಮನ್ ಅವರ ನಿಜವಾದ ಹೆಸರು ಹೇಳಿಕೊಂಡು ಬೀದಿಗೆ ಬಂದರೆ, ನಮ್ಮ ಪಕ್ಕದ ಮನೆಯವರೇ "ಅಂಥವರು ಯಾರೂ ಇಲ್ಲಿಲ್ಲಪ್ಪ" ಅಂತ ವಾಪಸು ಅಟ್ಟಿದ್ದರು.

ಯಾವ ವಸ್ತುವಿಗೆ ಯಾರ ಹೆಸರು ಹಾಕಬೇಕು ಎಂಬುದಕ್ಕೆ ಮಾವನದೇ ಒಂದು ಕಾನೂನು. "ವಸ್ತು ಕೊಂಡೋರದ್ದಲ್ಲ ಕಣಮ್ಮ, ಅದನ್ನ ದುಡಿಸೋರದ್ದು," ಅನ್ನುತ್ತಿದ್ದರು. ಅದಕ್ಕೇ ಅಡುಗೆಮನೆಯೆಲ್ಲ ಅತ್ತೆಯದು. ನನ್ನ ಗಂಡ ದೂರದೂರುಗಳಿಗೆ ಲಾರಿ ಓಡಿಸುವವರು, ಲಾರಿ ಮಾಲೀಕನದಾದರೂ ಜ್ಯಾಕಿನ ಮೇಲೆ, ನಟ್ಟು ಬಿಚ್ಚುವ ಪಾನಾದ ಮೇಲೆ ನನ್ನ ಗಂಡನ ಹೆಸರು. ಹಾಗಾದರೆ ನನ್ನ ಹೆಸರು ಎಲ್ಲಿ? ಆರು ವರ್ಷದಿಂದ ಆ ಪಾತ್ರೆಗಳಲ್ಲಿ ಬೇಯಿಸುತ್ತಿರುವವಳು ನಾನು. ಹೊಟ್ಟೆಕಿಚ್ಚು ಅಂತಲ್ಲ, ತೀರಿಹೋದವರ ಮೇಲೆ ಎಂಥ ಹೊಟ್ಟೆಕಿಚ್ಚು? ಆದರೂ ಬಂದ ಎರಡನೇ ವರ್ಷ ಒಮ್ಮೆ ಕೇಳಿದೆ.

"ನನ್ನ ಹೆಸರು ಯಾವಾಗ ಹಾಕ್ತೀರಿ ಮಾವ?"

"ನಿನ್ನ ಸಾಮಾನು ಯಾವುದು ಅಂತ ನನಗಿನ್ನೂ ಗೊತ್ತಾಗಿಲ್ಲಮ್ಮ. ಗೊತ್ತಾದ ದಿನ ಹಾಕ್ತೀನಿ."

ಈ ಮಾತಿಗೆ ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯವರಿಗೆಲ್ಲ ಗೊತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಮಾವ ಅಂಗಡಿ ಮುಚ್ಚಿದರು. ಕೆತ್ತುವ ಚಟ ಮಾತ್ರ ಬಿಡಲಿಲ್ಲ. ಮನೆಗೆ ಯಾವ ಹೊಸ ತಗಡು ಬಂದರೂ ಅವರ ಕೈ ತುರಿಸುತ್ತಿತ್ತು.

ಇನ್ನು ನನ್ನ ಕೆಲಸ. ಕಟ್ಟದ ಕಟ್ಟಡವನ್ನು ಕಟ್ಟಿದ ಹಾಗೆ ತೋರಿಸುವುದು. ನಕ್ಷೆ ಮಾಡುವ ಕಚೇರಿಯವರು ಗೆರೆಗಳನ್ನು ಕಳಿಸುತ್ತಾರೆ, ನಾನು ಅದಕ್ಕೆ ಗೋಡೆ ಎಬ್ಬಿಸಿ, ಕಿಟಕಿಯಿಂದ ಬಿಸಿಲು ಬೀಳಿಸಿ, ಕುರ್ಚಿ ಮೇಜು ಜೋಡಿಸಿ ಫೋಟೋದಂಥ ಚಿತ್ರ ಮಾಡಿ ಕೊಡುತ್ತೇನೆ. ಕಚೇರಿ ಇರುವುದು ರೈಲಿನಲ್ಲಿ ಅರ್ಧ ದಿನದ ದಾರಿ. ಮಗಳು ಹುಟ್ಟಿದ ಮೇಲೆ ಅಲ್ಲಿಯ ಮೇಡಂ, "ನಿನ್ನದೇ ಒಳ್ಳೇ ಕಂಪ್ಯೂಟರ್ ಇದ್ರೆ ಮನೆಯಿಂದ್ಲೇ ಮಾಡು" ಅಂದಿದ್ದರು. ಒಳ್ಳೇ ಕಂಪ್ಯೂಟರ್ ಅಂದರೆ ಮುಖ್ಯವಾಗಿ ಅದರೊಳಗಿನ ಗ್ರಾಫಿಕ್ಸ್ ಕಾರ್ಡು, ಚಿತ್ರ ಬಿಡಿಸುವ ಭಾಗ. ಇಟ್ಟಿಗೆಯಷ್ಟು ದಪ್ಪ, ಮುಂದೆ ಎರಡು ಫ್ಯಾನು, ಬೆನ್ನಿಗೆ ಕರಿ ತಗಡು. ಬೆಲೆ ನನ್ನ ಗಂಡನ ಲಾರಿಗೆ ಹೊಸ ಟೈರು ಹಾಕಿಸಿದಷ್ಟು. ಅದನ್ನು ಕೊಂಡಾಗ ನನ್ನ ಗಂಡ, "ಈ ಫ್ಯಾನು ಗಾಳೀನಾದ್ರೂ ಚೆನ್ನಾಗಿ ಬರುತ್ತಾ?" ಅಂತ ಕೇಳಿ ಬೈಸಿಕೊಂಡಿದ್ದರು.

ಅದೇ ಕಾರ್ಡು ಕೆಟ್ಟಿತು. ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನ ಚಿತ್ರ ಮಾಡುತ್ತಿದ್ದೆ. ಹಾಸಿಗೆಗಳನ್ನು ಸಾಲಾಗಿ ಇಟ್ಟು ಕಿಟಕಿಗೆ ಹಳದಿ ಪರದೆ ಹಾಕುತ್ತಿದ್ದಾಗ ಕಂಪ್ಯೂಟರಿನ ಪರದೆಯ ತುಂಬ ಹಸಿರು, ಗುಲಾಬಿ ಚೌಕಗಳು ಎದ್ದವು. ಆಮೇಲೆ ಕತ್ತಲು. ಆರಿಸಿ ಹಾಕಿದೆ, ವೈರು ಬದಲಿಸಿದೆ, ಬೈದೆ, ಬೇಡಿಕೊಂಡೆ. ಫ್ಯಾನು ಮಾತ್ರ ಏನೂ ಆಗದವರ ಹಾಗೆ ತಿರುಗುತ್ತಿತ್ತು.

ಮೇಡಂಗೆ ಫೋನು ಮಾಡಿದೆ. ಅವರು ಕೆಟ್ಟವರೇನಲ್ಲ, ಆದರೆ ಆಸ್ಪತ್ರೆಯವರು ಅವರ ಕುತ್ತಿಗೆಯ ಮೇಲೆ ಕೂತಿದ್ದರು. "ಈ ತಿಂಗಳು ಮುಗಿಯೋದರೊಳಗೆ ಸರಿಯಾದ್ರೆ ಸರಿ. ಇಲ್ಲಾಂದ್ರೆ ನೀನು ಇಲ್ಲಿಗೇ ಬಂದುಬಿಡು. ವಾರವೆಲ್ಲ ಇಲ್ಲಿ, ಭಾನುವಾರ ಮನೆ. ಏನ್ಮಾಡೋದು ಹೇಳು?" ಅಂದರು. ವಾರವೆಲ್ಲ ಅಲ್ಲಿ! ಗಂಡ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ನಾಲ್ಕು ವರ್ಷದ ಮಗಳನ್ನು, ನೀರು ಕಾಯಿಸುವುದು ಬಿಟ್ಟು ಬೇರೆ ಅಡುಗೆ ಬಾರದ ಮಾವನ ಹತ್ತಿರ ಬಿಟ್ಟು ಹೋಗಬೇಕು. ಬೇಡ ಅಂದರೆ ಕೆಲಸ ಬಿಡಬೇಕು.

ಕಾರ್ಡಿಗೆ ಮೂರು ವರ್ಷದ ವಾರಂಟಿ ಇತ್ತು. ಇನ್ನೂ ಕೆಲವು ತಿಂಗಳು ಬಾಕಿ. ಅದೊಂದೇ ಆಸೆ. ಬೀದಿ ಕೊನೆಯ ಕಂಪ್ಯೂಟರ್ ರಿಪೇರಿಯವನ ಹತ್ತಿರ ಕಂಪ್ಯೂಟರಿನ ಡಬ್ಬವನ್ನೇ ಹೊತ್ತುಕೊಂಡು ಹೋದೆ. ಅವನು ಬೇರೆ ಕಾರ್ಡು ಹಾಕಿ ನೋಡಿ, "ಕೆಟ್ಟಿರೋದು ಇದೇ ಅಕ್ಕ, ಗ್ಯಾರಂಟಿ. ಕಂಪನಿಯವರು ಬದಲಿಸಿ ಕೊಡಲೇಬೇಕು" ಅಂದ. ನನಗೆ ಅರ್ಧ ಜೀವ ಬಂತು. ಅವನು ಕಾರ್ಡಿನ ಬೆನ್ನಿನ ಧೂಳನ್ನು ಬ್ರಷ್ಷಿನಲ್ಲಿ ಒರೆಸಿದವನು ಹಾಗೇ ನಿಂತ.

"ಅಕ್ಕಾ, ಇದು ನಿಮ್ಮ ಹೆಸರಲ್ವಾ?"

ನೋಡಿದೆ. ಕರಿ ತಗಡಿನ ನಟ್ಟನಡುವೆ ನನ್ನ ಹೆಸರು. ಪೂರ್ತಿ ಹೆಸರು, ಬಳ್ಳಿಯಂತೆ ಬಾಗಿದ ಅಕ್ಷರದಲ್ಲಿ, ಬೆಳ್ಳಿಯ ಹಾಗೆ ಹೊಳೆಯುತ್ತಾ.

"ಇದನ್ನ ನೋಡಿದ್ರೆ ಅವರು ವಾರಂಟಿ ಕೊಡೋದು ಕಷ್ಟ ಅಕ್ಕ. ಗೀರು ಬಿದ್ರೇನೇ ತಕರಾರು ತೆಗೀತಾರೆ. ಇದು ಗೀರಲ್ಲ, ಶಾಸನ," ಅಂದ.

ಮನೆಗೆ ಬರುವಷ್ಟರಲ್ಲಿ ನನ್ನ ತಲೆಯ ಮೇಲೆ ನೀರಿಟ್ಟರೆ ಕಾಯುತ್ತಿತ್ತು. ಮಾವ ಮೊಮ್ಮಗಳಿಗೆ ಕಿತ್ತಳೆ ಬಿಡಿಸಿ ಕೊಡುತ್ತಾ ಕೂತಿದ್ದರು.

"ಮಾವ, ಇದೇನಿದು?"

ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಮುಖ ಅರಳಿತು. "ಓ, ಇದಾ! ನೀನು ಇದನ್ನ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು ಮಗೂಗೆ ಸ್ನಾನ ಮಾಡಿಸೋಕೆ ಹೋಗಿದ್ದೆ. ಬೆನ್ನಲ್ಲಿ ಒಳ್ಳೇ ತಗಡು ಕಾಣಿಸ್ತು, ಹಾಕಿದೆ. ಆಮೇಲೆ ಕೊಂಡ ಅಂಗಡಿಯ ಹುಡುಗ ಬಂದು ಡಬ್ಬದೊಳಗೆ ಕೂರಿಸಿಬಿಟ್ಟ. ಈಗ ನೋಡಿದ್ಯಾ? ಎರಡು ವರ್ಷವಾದ್ರೂ ಏನೂ ಅನ್ನಲಿಲ್ಲವಲ್ಲ ಇವಳು ಅಂದ್ಕೊಂಡಿದ್ದೆ."

"ತಗಡು ಕಂಡ್ರೆ ಸಾಕು, ಕೆತ್ತಿಬಿಡೋದಾ? ನಾಳೆ ನನ್ನ ಹಣೆ ಮೇಲೂ ಕೆತ್ತಿ! ಇದೇನು ಸೌಟಾ ಮಾವ? ಇದು ಕೆಟ್ಟಿದೆ, ಈಗ ನಿಮ್ಮ ಬರಹ ನೋಡಿ ಕಂಪನಿಯವರು ಬದಲಿಸಿ ಕೊಡಲ್ವಂತೆ. ಮಗು ಬಿಟ್ಟು ನಾನು ಆ ಊರಲ್ಲಿ ಹೋಗಿ ಬಿದ್ದಿರಬೇಕು, ಗೊತ್ತಾ?"

ಅರಳಿದ ಮುಖ ಅಲ್ಲಿಯೇ ಬಾಡಿತು. "ನಾನೂ ಬರ್ತೀನಿ ನಿನ್ನ ಜೊತೆ. ತಪ್ಪು ನಂದು ಅಂತ ನಾನೇ ಹೇಳ್ತೀನಿ," ಅಂದರು.

ಸರ್ವಿಸ್ ಸೆಂಟರು ಒಂದು ಚಪ್ಪಲಿ ಅಂಗಡಿಯ ಮೇಲಿತ್ತು. ಕಡಿದಾದ ಮೆಟ್ಟಿಲು. ಮಾವ ಗೋಡೆ ಹಿಡಿದು, ಮೂರು ಕಡೆ ನಿಂತು, ಹತ್ತಿದರು. ಮಗಳು ಅವರ ಶರ್ಟಿನ ತುದಿ ಹಿಡಿದಿದ್ದಳು. ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಗಾಜಿನ ಕೌಂಟರು, ಕೌಂಟರಿನ ಹಿಂದೆ ಜಡೆಗೆ ಪೆನ್ನು ಸಿಕ್ಕಿಸಿಕೊಂಡ ಒಬ್ಬ ಹುಡುಗಿ. ಅವಳು ಕಾರ್ಡನ್ನು ತಿರುಗಿಸಿದವಳೇ ಹುಬ್ಬು ಏರಿಸಿದಳು.

"ಇದನ್ನ ಯಾರು ಬರೆದದ್ದು?"

"ನಾನಮ್ಮ," ಅಂದರು ಮಾವ, ನಾನು ಬಾಯಿ ತೆರೆಯುವ ಮೊದಲೇ. "ಈ ಹುಡುಗೀದೇನೂ ತಪ್ಪಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ಈ ಸಾಮಾನನ್ನ ದುಡಿಸೋಳು ಅವಳು, ಅದಕ್ಕೆ ಹಾಕಿದೆ."

"ಗೀರು, ಬರಹ ಇದ್ರೆ ವಾರಂಟಿ ಇಲ್ಲ ಅಂತ ರೂಲ್ಸ್ ಇದೆ ತಾತ."

"ರೂಲ್ಸ್ ಇರಲಿ. ಬೈಯ್ಯೋದಾದ್ರೆ ನನ್ನ ಬೈಯ್ಯಿ. ಮಗೂನ ಬಿಟ್ಟು ಹೋಗೋ ಹಾಗೆ ಮಾಡಬೇಡ ಇವಳನ್ನ."

ಹುಡುಗಿ ನಮ್ಮ ಮೂವರನ್ನೂ ನೋಡಿದಳು. ಆಮೇಲೆ ದನಿ ಇಳಿಸಿ ಹೇಳಿದಳು. "ನೋಡಿ, ಇದನ್ನ ನಾನು ಚೀಟೀಲಿ ಬರೆದ್ರೆ ಅಲ್ಲಿ ವರ್ಕ್‌ಶಾಪಲ್ಲಿ ನೋಡೋ ಮೊದಲೇ ತಳ್ಳಿಹಾಕ್ತಾರೆ. ನಾನು ಬರೆಯಲ್ಲ. ಅವರ ಕಣ್ಣಿಗೆ ಬೀಳದಿದ್ರೆ ನಿಮ್ಮ ಅದೃಷ್ಟ." ಕಾರ್ಡಿನ ಮೇಲಿದ್ದ ನಂಬರಿನ ಸ್ಟಿಕ್ಕರು ಶಾಖಕ್ಕೆ ಮಾಸಿ ಏನೂ ಕಾಣುತ್ತಿರಲಿಲ್ಲ. ಅವಳು ಪೆಟ್ಟಿಗೆಯ ಮೇಲಿನ ನಂಬರು ನೋಡಿ ಒಂದು ಚೀಟಿ ಬರೆದು, ಅದನ್ನು ಕಾರ್ಡಿಗೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿ, ಬೇರೆ ಕಾರ್ಡುಗಳ ಜೊತೆ ಟ್ರೇಯಲ್ಲಿಟ್ಟಳು.

ಆಮೇಲೆ ಕಾಯುವ ಕೆಲಸ. ಕಾಯುವುದು ನನ್ನ ಜಾಯಮಾನವಲ್ಲ. ಫೋನು ಟಿಂಗ್ ಅಂದರೆ ಸಾಕು ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುತ್ತಿದ್ದೆ. ನನ್ನ ಗಂಡ ಎಲ್ಲೋ ಹೆದ್ದಾರಿಯಿಂದ ಫೋನು ಮಾಡಿ, "ಅಪ್ಪನಿಗೆ ಜಾಸ್ತಿ ಬೈದ್ಯಾ?" ಅಂತ ಕೇಳಿದರು. "ಬೈದೆ. ಇನ್ನೂ ಬಾಕಿ ಇದೆ, ನಿಮಗೆ ಬೇಕಾದ್ರೆ ಸ್ವಲ್ಪ ಕೊಡ್ತೀನಿ," ಅಂದೆ. ಅವರು ಸಿಗ್ನಲ್ ಇಲ್ಲ ಅಂತ ಇಟ್ಟುಬಿಟ್ಟರು.

ಆದರೆ ಮಾವ ಮಾಡಿದ್ದು ನೋಡಿ ನನ್ನ ಬಾಯಿಗೆ ಬೀಗ ಬಿತ್ತು. ಮಗಳು ಶಾಲೆಗೆಂದು ತಂದ ಹೊಸ ಸ್ಟೀಲ್ ನೀರಿನ ಬಾಟಲಿ ಹಿಡಿದುಕೊಂಡು ಅವರ ಹತ್ತಿರ ಹೋದಳು. "ತಾತ, ನನ್ನ ಹೆಸರು?"

"ಬೇಡ ಕಂದ. ತಾತ ಇನ್ನು ಬರೆಯಲ್ಲ."

"ಯಾಕೆ?"

"ಬರೆದ್ರೆ ಸಾಮಾನು ಹಾಳಾಗುತ್ತೆ."

ಅಷ್ಟು ಹೇಳಿ ಎದ್ದು, ಕೆತ್ತುವ ಮಷೀನಿಗೆ ವೈರು ಸುತ್ತಿ, ಒಂದು ಹಳೇ ಬಟ್ಟೆಯಲ್ಲಿ ಕಟ್ಟಿ, ಸ್ಟೂಲು ಹತ್ತಿ ಅಟ್ಟಕ್ಕೆ ಹಾಕಿದರು. ಐವತ್ತು ವರ್ಷ ಹಿಡಿದ ಕೆಲಸವನ್ನು ಹಳೇ ಬಟ್ಟೆಯಲ್ಲಿ ಕಟ್ಟಿ ಎಸೆದ ಹಾಗೆ. ನನಗೆ ಸಂಕಟವಾಯಿತು. ಕೋಪವೂ ಇತ್ತು. ಎರಡೂ ಒಟ್ಟಿಗೆ ಬಂದರೆ ನಾನು ಪಾತ್ರೆ ಜೋರಾಗಿ ತೊಳೆಯುತ್ತೇನೆ. ಅವತ್ತು ಅತ್ತೆಯ ಹೆಸರನ್ನೆಲ್ಲ ಚೆನ್ನಾಗಿ ಉಜ್ಜಿದೆ.

ತಿಂಗಳು ಮುಗಿಯುತ್ತಾ ಬಂತು. ಅದೇ ಅಟ್ಟದಿಂದ ನನ್ನ ದೊಡ್ಡ ಬ್ಯಾಗು ಕೆಳಗಿಳಿಸಿದೆ. ಬಟ್ಟೆ ಮಡಿಸಿ ಇಡುತ್ತಿದ್ದರೆ ಮಗಳು ಬಂದು ತನ್ನ ಚಪ್ಪಲಿಯನ್ನೂ ಅದರೊಳಗೆ ಇಟ್ಟಳು. ನಾನು ತೆಗೆದಿಟ್ಟೆ. ಅವಳು ಮತ್ತೆ ಇಟ್ಟಳು. ಮೂರನೇ ಸಲ ನಾನು ತೆಗೆಯಲಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ. ಮುಚ್ಚಿಡುವುದೇನಿದೆ.

ಆ ಮಧ್ಯಾಹ್ನವೇ ಕಂಪನಿಯಿಂದ ಸಂದೇಶ ಬಂತು. 'ದ್ರವ ಬಿದ್ದು ಹಾಳಾಗಿದೆ. ವಾರಂಟಿ ಅನ್ವಯಿಸುವುದಿಲ್ಲ.' ಜೊತೆಗೆ ಮೂರು ಫೋಟೋ. ಮೊದಲ ಎರಡರಲ್ಲಿ ಫ್ಯಾನಿನ ಪಕ್ಕ ಹಸಿರು ಕಿಲುಬು, ಕಂದು ಕಲೆ.

ದ್ರವವಂತೆ ದ್ರವ! ನನ್ನ ಕಂಪ್ಯೂಟರಿನ ಹತ್ತಿರ ನಾನು ನೀರಿನ ಲೋಟವನ್ನೂ ಬಿಡುವವಳಲ್ಲ. ಮಗಳ ಕಡೆ ನೋಡಿದೆ. ಅವಳು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ನಾನು ಹಾಲು ಚೆಲ್ಲಿದ್ದು ಸೋಫಾ ಕೆಳಗೆ ಮಾತ್ರ" ಅಂತ, ನಾನು ಕೇಳದ ಇನ್ನೊಂದು ಅಪರಾಧವನ್ನು ಒಪ್ಪಿಕೊಂಡಳು.

"ನೋಡಿ ಮಾವ, ಆಗಲ್ವಂತೆ. ಮುಗೀತು," ಅಂತ ಫೋನನ್ನು ಅವರ ಕೈಗೆ ಕೊಟ್ಟೆ. ಬೈಯುವ ಶಕ್ತಿಯೂ ಉಳಿದಿರಲಿಲ್ಲ.

ಅವರು ಕಲೆ, ಕಿಲುಬು ಯಾವುದನ್ನೂ ನೋಡಲಿಲ್ಲ. ಮೂರನೇ ಫೋಟೋಕ್ಕೆ ಹೋಗಿ ನಿಂತರು. ಅದು ಕಾರ್ಡಿನ ಬೆನ್ನು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು, ದೂರ ಹಿಡಿದರು.

"ಎಲ್ಲಿ? ನಾನು ಬರೆದದ್ದು ಎಲ್ಲಿ?" ಅಂತ ಪರದೆಯನ್ನು ಬೆರಳಿನಲ್ಲಿ ಒರೆಸಿದರು. "ಉಜ್ಜಿ ಅಳಿಸಿಬಿಟ್ರಾ?"

ಪಾಪ, ಅವರ ಸಂಕಟ ಅವರಿಗೆ. ನಾನು ಇಣುಕಿ ನೋಡಿದೆ. ಕರಿ ತಗಡು, ನುಣ್ಣಗೆ, ಒಂದು ಗೆರೆಯೂ ಇಲ್ಲ.

"ಮಾವ, ನೀವು ಕೆತ್ತಿದ್ದನ್ನ ಅಳಿಸೋಕಾಗುತ್ತಾ?"

"ನಾನು ಕೆತ್ತಿದ್ದನ್ನಾ?" ಅವರಿಗೆ ಅಂಥ ಸ್ಥಿತಿಯಲ್ಲೂ ರೋಷ ಬಂತು. "ತಗಡು ತೂತಾಗಬೇಕಷ್ಟೆ!"

"ಅಯ್ಯೋ, ಹಾಗಾದ್ರೆ ಇದು ನಮ್ಮದೇ ಅಲ್ಲ ಮಾವ! ಯಾರದೋ ಕಾರ್ಡು ತೋರಿಸ್ತಿದ್ದಾರೆ ನಮಗೆ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಫೋನು ಕಿತ್ತುಕೊಂಡು ನಂಬರು ಒತ್ತಲು ಹೋದವಳು ಅರ್ಧಕ್ಕೇ ನಿಂತೆ. ಅದು ನಮ್ಮದಲ್ಲ ಅಂತ ಹೇಗೆ ಹೇಳುವುದು? ನಮ್ಮದರ ಬೆನ್ನ ಮೇಲೆ ಹೆಸರಿದೆ ಅಂತ ಹೇಳಬೇಕು. ಹೆಸರಿದೆ ಅಂದರೆ ವಾರಂಟಿ ಇಲ್ಲ. ಹೇಳದಿದ್ದರೆ ಯಾರದೋ ಶರಬತ್ತು ನಮ್ಮ ತಲೆಗೆ. ಅತ್ತ ದರಿ, ಇತ್ತ ಪುಲಿ.

"ಇದ್ದದ್ದು ಇದ್ದ ಹಾಗೆ ಹೇಳು," ಅಂದರು ಮಾವ. "ಆಗಲ್ಲ ಅಂತ ಹೇಗೂ ಅಂದಾಗಿದೆಯಲ್ಲ. ಇನ್ನೇನು ಕಳ್ಕೊಳ್ಳೋಕಿದೆ? ಕೊನೇ ಪಕ್ಷ ನಮ್ಮ ಸಾಮಾನು ನಮಗೆ ಬರಲಿ. ನಿನ್ನ ಸಾಮಾನು ಇನ್ನೊಬ್ಬರ ಮನೇಲಿರೋದು ನನಗೆ ಸರಿ ಕಾಣಲ್ಲ."

ಕೌಂಟರಿನ ಹುಡುಗಿಗೆ ಫೋನು ಮಾಡಿದೆ. ಅವಳಿಗೆ ಬರಹ ನೆನಪಿತ್ತು, ಯಾರಿಗೆ ತಾನೇ ಮರೆಯುತ್ತದೆ? ಅವಳು ನೇರವಾಗಿ ವರ್ಕ್‌ಶಾಪಿನ ಮೇಸ್ತ್ರಿಯ ನಂಬರು ಕೊಟ್ಟಳು. ಆ ಮನುಷ್ಯ ಶುರುವಿನಲ್ಲೇ ಬಿಗಿಯಾಗಿದ್ದ. "ನಮ್ಮಲ್ಲಿ ಅದಲುಬದಲು ಆಗೋದೇ ಇಲ್ಲ ಮೇಡಂ. ಪ್ರತಿ ಕಾರ್ಡಿಗೂ ಚೀಟಿ ಇರುತ್ತೆ."

"ಚೀಟಿ ಇರುತ್ತೆ ಸ್ವಾಮಿ, ರಬ್ಬರ್ ಬ್ಯಾಂಡಿನಲ್ಲಿ! ಅದು ಜಾರಿ ಬಿದ್ದಿದೆ. ಯಾರೋ ಎತ್ತಿ ಪಕ್ಕದ್ದಕ್ಕೆ ಹಾಕಿದ್ದಾರೆ. ನನ್ನ ಕಾರ್ಡಿನ ಹಿಂದೆ ನನ್ನ ಹೆಸರು ಕೆತ್ತಿದೆ, ಹೋಗಿ ನೋಡಿ!"

"ಕೆತ್ತಿದೆಯಾ? ಕಾರ್ಡಿನ ಮೇಲಾ?"

ನಾನು ಏನೋ ಹೇಳಲು ಹೋದಾಗ ಮಾವ ಕೈ ಚಾಚಿದರು. ಫೋನು ಕೊಟ್ಟೆ.

"ನಮಸ್ಕಾರ. ಕೆತ್ತಿದೋನು ಮಾತಾಡ್ತಿದ್ದೀನಿ," ಅಂದರು, ತಮ್ಮ ಹುದ್ದೆ ಹೇಳಿಕೊಳ್ಳುವವರ ಹಾಗೆ. "ತಗಡಿನ ಮಧ್ಯದಲ್ಲಿದೆ. ಮೊದಲ ಅಕ್ಷರ ದೊಡ್ಡದು, ಕೊನೇ ಅಕ್ಷರದ ಬಾಲ ಬಲಗಡೆಗೆ ಹೋಗಿ ಕೆಳಗೆ ಬಾಗಿದೆ. ಒಂದು ಸಲ ಹುಡುಕಪ್ಪ, ಪುಣ್ಯ ಬರುತ್ತೆ. ವಾರಂಟಿ ಕೊಡು ಬಿಡು, ಅದು ನಿನಗೆ ಬಿಟ್ಟಿದ್ದು. ನಮ್ಮ ಹುಡುಗಿ ಅದರಲ್ಲೇ ಅನ್ನ ಸಂಪಾದಿಸೋದು. ಅದು ಕಳೆದುಹೋಗಬಾರದು."

ಆ ಕಡೆ ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಕಪಾಟು ಎಳೆದದ್ದು, ಯಾರನ್ನೋ ಕೂಗಿದ್ದು, ಏನೋ ಬಿದ್ದದ್ದು ಎಲ್ಲ ಕೇಳಿಸಿತು. ಮಾವ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ನಾನು ಅವರ ಕುರ್ಚಿಯ ಕೈ ಹಿಡಿದು ನೆಲದ ಮೇಲೇ ಕೂತುಬಿಟ್ಟಿದ್ದೆ. ಮಗಳು ಏನು ಅಂತ ಗೊತ್ತಿಲ್ಲದಿದ್ದರೂ ಬಾಯಿಗೆ ಬೆರಳಿಟ್ಟುಕೊಂಡು ಸುಮ್ಮನಿದ್ದಳು.

"ತಾತ," ಅಂತ ಕೊನೆಗೂ ದನಿ ಬಂತು. ಬಿಗಿಯೆಲ್ಲ ಇಳಿದಿತ್ತು. "ಸಿಕ್ಕಿತು. ನಂಬರು ಕಾಣದೇ ಇರೋ ಕಾರ್ಡುಗಳನ್ನ ಒಂದು ಕಪಾಟಿಗೆ ಹಾಕ್ತೀವಿ. ಅದರಲ್ಲಿತ್ತು. ನಾಳಿದ್ದು ಗುಜರಿಗೆ ಹೋಗೋದಿತ್ತು."

ಮಾವ ಕಣ್ಣು ಮುಚ್ಚಿಕೊಂಡರು. ನಾನು ಫೋನು ಈಸಿಕೊಂಡೆ. "ಮತ್ತೆ ಆ ಬರಹ? ರೂಲ್ಸು?" ಅಂತ ಕೇಳಿದೆ.

"ಮೇಡಂ, ಹಿಂದಿನ ತಗಡು ಬರೀ ಹೊದಿಕೆ. ಕೆಟ್ಟಿರೋದು ಒಳಗೆ. ಈಗ್ಲೇ ಹಾಕಿ ನೋಡಿದೆ, ಪರದೆ ತುಂಬ ಚೌಕ ಚೌಕ. ಈ ಹೆಸರು ಇಲ್ಲದೇ ಹೋಗಿದ್ರೆ ನಮ್ಮ ತಪ್ಪಿಗೆ ನಿಮ್ಮ ಕಾರ್ಡು ಹೋಗ್ತಿತ್ತು. ಹೆಸರೇ ಅಡ್ಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಹೊಸದು ಕಳಿಸ್ತೀನಿ. ಆಮೇಲೆ ಆ ತಾತನಿಗೆ ಹೇಳಿ, ಅಕ್ಷರ ಬಹಳ ಚೆನ್ನಾಗಿದೆ ಅಂತ."

ಹೋದ ಜೀವ ಬಂದ ಹಾಗಾಯಿತು. ನಾನು ನೆಲದಿಂದ ಏಳಲೇ ಇಲ್ಲ. ಅಳುತ್ತಾ ನಗುತ್ತಾ ಮಾವನ ಮೊಣಕಾಲಿಗೆ ತಲೆ ಆನಿಸಿ ಕೂತುಬಿಟ್ಟೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಏನಂತೆ? ಏನಂತೆ?" ಅಂತ ಕೇಳುತ್ತಲೇ ಇದ್ದರು. ಕೊಡುತ್ತಾರಂತೆ ಅಂದೆ. ಅಕ್ಷರ ಚೆನ್ನಾಗಿದೆಯಂತೆ ಅಂತಲೂ ಅಂದೆ. ಎರಡನೆಯದನ್ನು ಇನ್ನೊಂದು ಸಲ ಹೇಳಿಸಿದರು.

ಕಾರ್ಡು ಶನಿವಾರ ಸರ್ವಿಸ್ ಸೆಂಟರಿಗೆ ಬಂತು, ಮಾವನೂ ನಾನೂ ಹೋದೆವು. ಮೊದಲಿನ ಮಾದರಿ ಈಗ ಬರುತ್ತಿಲ್ಲವೆಂದು ಅದರ ತಮ್ಮನಂಥ ಹೊಸ ಮಾದರಿ ಕೊಟ್ಟಿದ್ದರು. ಕೌಂಟರಿನ ಹುಡುಗಿ ಪೆಟ್ಟಿಗೆ ಕೊಟ್ಟು, ಡ್ರಾಯರಿನಿಂದ ಒಂದು ಕಟ್ಟು ಸ್ಕ್ರೂಡ್ರೈವರು ತೆಗೆದಳು. "ತಾತ, ಇಲ್ಲಿ ಒಬ್ಬರದ್ದು ಇನ್ನೊಬ್ಬರು ಹೊತ್ಕೊಂಡು ಹೋಗ್ತಾರೆ. ಇವಕ್ಕೆ ನನ್ನ ಹೆಸರು ಹಾಕಿಕೊಡ್ತೀರಾ?" ಮಾವ ನನ್ನ ಮುಖ ನೋಡಿದರು, ಮದುವೆಯಾದ ಗಂಡಸು ಹೆಂಡತಿಯ ಮುಖ ನೋಡಿದ ಹಾಗೆ. "ಹಾಕಿಕೊಡ್ತಾರೆ, ಕೊಡಮ್ಮ ಇಲ್ಲಿ," ಅಂತ ನಾನೇ ಈಸಿಕೊಂಡೆ.

ರಿಪೇರಿಯವನು ಮನೆಗೇ ಬಂದು ಕಾರ್ಡು ಕೂರಿಸಿದ. ಗುಂಡಿ ಒತ್ತಿದೆ. ಮಕ್ಕಳ ವಾರ್ಡು ಬಂತು. ಹಳದಿ ಪರದೆ, ಕಿಟಕಿಯ ಬಿಸಿಲು, ಸಾಲು ಹಾಸಿಗೆ. ಒಂದು ಚೌಕವೂ ಇಲ್ಲ. ಮೇಡಂಗೆ ಫೋನು ಮಾಡಿ ಬರುವುದಿಲ್ಲ ಅಂದೆ. ಇಷ್ಟು ಖುಷಿಯಿಂದ ನಾನು ಯಾರಿಗೂ 'ಬರುವುದಿಲ್ಲ' ಅಂದಿಲ್ಲ.

ಸಂಜೆ ಬ್ಯಾಗಿನಿಂದ ನನ್ನ ಬಟ್ಟೆ, ಮಗಳ ಚಪ್ಪಲಿ ತೆಗೆದು, ಸ್ಟೂಲು ಹತ್ತಿ ಅದನ್ನು ಅಟ್ಟಕ್ಕೆ ಹಾಕಿದೆ. ಇಳಿಯುವಾಗ ಆ ಬಟ್ಟೆಯ ಗಂಟು ಕೈಯಲ್ಲಿತ್ತು. ಮಾವನ ಮುಂದೆ ಇಟ್ಟೆ.

"ಹಾಕಿ ಮಾವ, ನನ್ನ ಹೆಸರು."

"ಕಾರ್ಡಿನ ಮೇಲಾ? ಅಯ್ಯೋ ಬೇಡಮ್ಮ. ಆ ಮೆಟ್ಟಿಲು ಇನ್ನೊಂದು ಸಲ ಹತ್ತೋಕೆ ನನ್ನ ಕೈಲಾಗಲ್ಲ."

"ಕಾರ್ಡು ಬೇಡ. ಡಬ್ಬದ ಬಾಗಿಲ ಮೇಲೆ ಹಾಕಿ. ಎಲ್ಲರಿಗೂ ಕಾಣೋ ಹಾಗೆ, ದೊಡ್ಡದಾಗಿ."

ಮೊದಲು ಮೊಮ್ಮಗಳ ಬಾಟಲಿಗೆ ಹಾಕಿ ಕೈ ಪಳಗಿಸಿಕೊಂಡರು. ಆಮೇಲೆ ಕಂಪ್ಯೂಟರ್ ಆರಿಸಿ, ಡಬ್ಬದ ತಗಡಿನ ಬಾಗಿಲು ಬಿಚ್ಚಿ ಅವರ ತೊಡೆಯ ಮೇಲಿಟ್ಟೆ. ಮಷೀನು ಗುಂಯ್‌ಗುಟ್ಟಿತು. ನನ್ನ ಹೆಸರು ಒಂದೊಂದೇ ಅಕ್ಷರವಾಗಿ ಎದ್ದು ಬಂತು. ಅತ್ತೆಯ ಮನೆಯಲ್ಲಿ ನನ್ನದೊಂದು ಸಾಮಾನು. ಎರಡು ವರ್ಷದಿಂದ ಇತ್ತು, ನನಗೇ ಗೊತ್ತಿರಲಿಲ್ಲ.

ಮುಗಿದ ಮೇಲೆ ಮಷೀನನ್ನು ಎತ್ತಿ ನೋಡಿದೆ. ಹಿಡಿಯ ಸುತ್ತ ಹಳೇ ಬಟ್ಟೆಯ ಟೇಪು. ಅದನ್ನು ಬಿಡಿಸಿದರೆ ಒಳಗೆ ಬೋಳು ಲೋಹ.

"ಮಾವ, ಇದನ್ನ ದುಡಿಸಿದೋರು ಯಾರು?"

"ಇನ್ಯಾರು? ನಾನೇ."

"ಮತ್ತೆ ಹೆಸರೆಲ್ಲಿ?"

ಅವರು ನಕ್ಕುಬಿಟ್ಟರು. "ಅದು ತನ್ನ ಬೆನ್ನನ್ನ ತಾನೇ ಹೇಗೆ ಕೆತ್ಕೊಳ್ಳುತ್ತಮ್ಮ?"

ನಾನು ಉಪಕರಣದ ಡಬ್ಬಿಯಿಂದ ಒಂದು ಉಕ್ಕಿನ ಮೊಳೆ ತಂದೆ. ಮಷೀನನ್ನು ಮಂಡಿಯ ನಡುವೆ ಒತ್ತಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಗೀಚಲು ಕೂತೆ. ಅಕ್ಷರ ಒಂದು ಬೆಟ್ಟಕ್ಕೆ, ಒಂದು ಹಳ್ಳಕ್ಕೆ. ಬೆರಳು ಕೆಂಪಾಯಿತು. ಮಗಳು ಪಕ್ಕದಲ್ಲಿ ಕೂತು, "ಅದು ಯಾರ ಹೆಸರಮ್ಮ?" ಅಂತ ಕೇಳಿದಳು. ಅವಳೂ ಕೇಳಿರಲಿಲ್ಲ ಆ ಹೆಸರನ್ನು.

"ತಾತನ ಹೆಸರು," ಅಂದೆ.

ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಎಲ್ಲ ಸೊಟ್ಟ," ಅಂದರು. "ನನ್ನ ಅಂಗಡೀಲಿ ಹೀಗೆ ಬರೆದಿದ್ರೆ ಗಿರಾಕಿ ಅಟ್ಟಿಸಿಕೊಂಡು ಬರ್ತಿದ್ದ."

"ಅಳಿಸಿಬಿಡಲಾ?"

"ಅಳಿಸೋಕಾಗುತ್ತಾ ಇದು!" ಅಂತ ಮಷೀನನ್ನು ಎದೆಗೊತ್ತಿ ಹಿಡಿದುಕೊಂಡರು. ಆಮೇಲೆ ಅದಕ್ಕೆ ಟೇಪು ಸುತ್ತಲೇ ಇಲ್ಲ.